ಟೇಬಲ್‌ನ್ಯಾಗ ಟೈಮ್ ಹಾಕ್ರಿ, ಲಗೂ!

ಕೊಳಾರದ ನಮ್ಮ ಆಫೀಸಿನಲ್ಲಿ ನೆಟ್ಟಗೆ ಕೂತು ಒಂದು ಕಪ್ ಚಹಾ ಮುಗಿಸಿದವರಿಲ್ಲ. ಅಷ್ಟರಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಹಾಲು ತಂಪಿಡುವ ಕೇಂದ್ರಗಳ ಮೇಲೆ ಕಣ್ಣಿಡುವುದು ನಮ್ಮ ಕೆಲಸ. ಅಲ್ಲಿನ ಮಷೀನುಗಳು ತಮ್ಮ ತಂಪು ಎಷ್ಟಿದೆ ಎಂದು ಬಿಡದೆ ನಮ್ಮ ಕಂಪ್ಯೂಟರಿಗೆ ಬರೆದು ಕಳಿಸುತ್ತವೆ. ಅದೇ ಲಾಗ್. ಹಾಲು ಇದ್ದ ವೇಳೆಯದನ್ನಷ್ಟೇ ಹುಡುಕಿ ನೋಡಬೇಕು. ಪ್ರತಿ ಸಲ ಟೈಮ್ ಒತ್ತಿ ಒತ್ತಿ ನಮ್ಮ ಮ್ಯಾನೇಜರ್ ಸಾಹೇಬರ ತಲೆ ಕೆಟ್ಟಿತು.

"ಯಾವ ಕೇಂದ್ರ, ಯಾವಾಗಿಂದ ಎಲ್ಲೀತನಕ ಅಂತ ಒಂದು ಟೇಬಲ್ ಮಾಡ್ರಿ. ಕಂಪ್ಯೂಟರ್ ಅದನ್ನ ನೋಡಿ ತಾನೇ ಹುಡುಕ್ತದ. ಲಗೂ!"

೧. ರೈಲಿನ ಟೈಮ್

ಭಾಲ್ಕಿಯ ಸೂಪರ್‌ವೈಸರಿಗೆ ಫೋನ್ ಹಚ್ಚಿದೆ. "ಹಾಲು ತೊಗೊಳ್ಳೋದು ಯಾವಾಗ ಚಾಲೂ ಮಾಡ್ತೀರಿ?"

"ರೈಲು ಹೋದ ಮ್ಯಾಲರಿ ಮೇಡಂ. ಗೇಟ್ ತೆಗೆದ್ರನೇ ಹಾಲಿನ ಗಾಡಿ ದಾಟ್ತಾವ."

"ರೈಲು ಎಷ್ಟಕ್ಕ ಬರ್ತದರಿ?"

"ಅದು ರೈಲಿಗೇ ಗೊತ್ತಿಲ್ಲರಿ."

೨. ಒಡೆದದ್ದು ಯಾವುದು?

ನನ್ನ ಕೈ ನಿಧಾನ ಎಂದು ಸಾಹೇಬರು ಕೀಬೋರ್ಡ್ ಎಳೆದುಕೊಂಡು ಠಾಣಾ ಕುಶನೂರು ಕೇಂದ್ರದ ಸಾಲನ್ನು ತಾವೇ ತುಂಬಿದರು: ಸಂಜೆ ಶುರು, ಮುಂಜಾನೆ ಮುಕ್ತಾಯ. ಮರುದಿನದ ಮುಂಜಾನೆ ಎಂದು ಹಾಕಲಿಲ್ಲ. ಒಂದೇ ದಿನದಲ್ಲಿ ಸಂಜೆಯ ನಂತರ ಮುಂಜಾನೆ ಎಲ್ಲಿಂದ ಬರಬೇಕು? ಹುಡುಕಿದರೆ ಲಾಗ್ ಪೂರಾ ಖಾಲಿ.

"ಮಷೀನ್ ಬಂದ್ ಬಿದ್ದದ! ಹಾಲು ಹೋಯ್ತು!" ಎನ್ನುತ್ತ ಜೀಪು ಹತ್ತಿ ಓಡಿಯೇಬಿಟ್ಟರು. ತಪ್ಪು ಹೊಳೆದು ನಾನು ಫೋನ್ ಮಾಡುವಷ್ಟರಲ್ಲಿ ಕುಶನೂರಿನಲ್ಲಿದ್ದರು.

"ಸಾಹೇಬ್ರ, ಹಾಲು ಒಡದಿಲ್ಲರಿ, ನಿಮ್ಮ ಟೇಬಲ್ ಒಡದದ."

ಸಾಹೇಬರು ಮಂದಿಯಿಂದ ತುಸು ದೂರ ಸರಿದಂತಾಯಿತು. ಆಮೇಲೆ ಪಿಸುದನಿ: "ಈಗ ಹೇಳ್ತೀರೇನ್ರಿ? ಊರ ಮಂದಿಗೆಲ್ಲ ಒಡದದ ಅಂತ ಸಾರಿಬಿಟ್ಟೀನಿ!"

೩. ಭಾನುವಾರ

ಭಾಲ್ಕಿಯ ಸೂಪರ್‌ವೈಸರ್ ಭಾನುವಾರ ಚರ್ಚ್ ತಪ್ಪಿಸುವವರಲ್ಲ. ಸಾಹೇಬರು ಅವರಿಗೆ ಫೋನ್ ಮಾಡುವುದು ತಪ್ಪಿಸುವವರಲ್ಲ. ಒಮ್ಮೆ ಎಲ್ಲರೂ ಮೊಣಕಾಲೂರಿ ಸುಮ್ಮನಿದ್ದಾಗಲೇ ಸೂಪರ್‌ವೈಸರರ ಫೋನ್ ಬಡಿದುಕೊಂಡಿತು.

"ಪಾದ್ರಿಯವರು ನನ್ನ ಹೆಸರು ತೊಗೊಂಡು ಪ್ರಾರ್ಥನಿ ಮಾಡಿದ್ರರಿ ಮೇಡಂ" ಎಂದು ಅವರು ಗೋಳಾಡಿದರು.

ಕೊನೆಗೆ ಒಪ್ಪಂದವಾಯಿತು. ಚರ್ಚಿನ ವೇಳೆ ಫೋನ್ ಇಲ್ಲ. ಆ ಹೊತ್ತಿನ ಲಾಗನ್ನು ಸೋಮವಾರ ನೋಡಿದರಾಯಿತು. ಟೇಬಲ್‌ಗೆ ಹೊಸ ಸಾಲು ಬೇಕಾಯಿತು.

"ಪಾದ್ರಿಯವರ ಉಪದೇಶದ ಪ್ರಸಂಗ ಯಾವಾಗ ಮುಗೀತದರಿ?" ಎಂದು ಕೇಳಿದೆ.

"ಶುರು ಆಗೋದು ಬರ್ಕೊರಿ. ಮುಗಿಯೋದು ಖಾಲಿ ಬಿಡ್ರಿ."

ಖಾಲಿ ಬಿಟ್ಟೆ. ಕಂಪ್ಯೂಟರಿಗೆ ಖಾಲಿ ಎಂದರೆ ಕೊನೆಯೇ ಇಲ್ಲ ಎಂದರ್ಥ. ಸೋಮವಾರ ಸಾಹೇಬರು ಹುಡುಕಲು ಹಚ್ಚಿದರು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಸಾಹೇಬರು ಕೂತರು, ಎದ್ದರು, ಮೇಜು ಬಡಿದರು.

"ಏನ್ ಮಾಡ್ಲತ್ತದರಿ ಇದು?"

"ಪ್ರಸಂಗ ಕೇಳ್ಲತ್ತದರಿ ಸಾಹೇಬ್ರ. ಇನ್ನೂ ಮುಗಿದಿಲ್ಲ."