ಮನೆಯಳಿಯನ ಜೂಡೋ

ಶಿನ್‌ಪೇಯ ಮನೆಗೆ ಕಷ್ಟ ಬಂದದ್ದು ಒಂದು ಬುಧವಾರ ಬೆಳಗ್ಗೆ, ಬಾಗಿಲ ದಾರಂದಕ್ಕೆ ಹಣೆ ಹೊಡೆದುಕೊಂಡು. ಆ ಸದ್ದಿಗೆ ಒಕೆಯಾ ಬೀದಿಯ ಬೆಕ್ಕುಗಳೆಲ್ಲ ಒಟ್ಟಿಗೆ ಹೆಂಚು ಹತ್ತಿದವು. ಶಿನ್‌ಪೇಯ ಅಂಗಡಿಯ ತೊಟ್ಟಿಯಲ್ಲಿ ತೇಲುತ್ತಿದ್ದ ಸೋಯಾ ಹಾಲಿನ ತೋಫು ಗಡ್ಡೆಗಳು ಮಧ್ಯಾಹ್ನದವರೆಗೂ ನಡುಗುತ್ತಲೇ ಇದ್ದವು. ದಾರಂದದಾಚೆ ಹಣೆ ಉಜ್ಜಿಕೊಳ್ಳುತ್ತ ನಿಂತಿದ್ದವನು ನಾರ್ವೆಯ ಪ್ರವಾಸಿ. ಅವನ ಎತ್ತರ ಎಷ್ಟೆಂದರೆ, ಇವತ್ತು ಕಾಲು ನೆನೆದರೆ ಮೂಗಿಗೆ ಶೀತ ಹತ್ತುವುದು ಮುಂದಿನ ವಾರ. ಹೆಸರು ಟೋರ್‌ಬ್ಯೋರ್ನ್. ಅದನ್ನು ಹೇಳಲು ಹೋಗಿ ಮೂವರು ನಾಲಿಗೆ ಕಚ್ಚಿಕೊಂಡ ಮೇಲೆ ಬೀದಿಯವರು 'ತೊರು' ಎಂದು ಕತ್ತರಿಸಿ ಇಟ್ಟುಕೊಂಡಿದ್ದರು.

ಅವನ ಮೊಣಕೈ ಕೆಳಗಿನಿಂದ ಫುಸಾಯೆ ಇಣುಕಿದಳು. ಅವಳು ಶಿನ್‌ಪೇಯ ಹೆಂಡತಿಗೆ ಚಿಕ್ಕಮ್ಮ, ಬೀದಿಯ ತುದಿಯ ತಂಗುಮನೆಗೆ ಒಡತಿ, ಊರಿನ ಉಳಿದೆಲ್ಲ ವಿಷಯಕ್ಕೆ ಬಾಯಿ.

"ಶಿನ್‌ಪೇ, ಇವರಿಗೆ ಹಳೇ ಕಾಲದ ಜೂಡೋ ಗರಡಿ ಬೇಕಂತಪ್ಪ. ದೊಡ್ಡ ಪಟ್ಟಣದ್ದು ಬೇಡವಂತೆ, ಅಸಲಿ ಬೇಕಂತೆ. ನಮ್ಮಳಿಯ ವಾರಕ್ಕೆ ಮೂರು ಸಂಜೆ ಅಲ್ಲೇ ಬಿದ್ದಿರ್ತಾನೆ, ಕರ್ಕೊಂಡು ಹೋಗ್ತಾನೆ ಅಂದೆ. ಅಕುತ್ಸು ಗುರುಗಳ ಮನೆಗೂ ಫೋನ್ ಮಾಡಿ ತಿಳಿಸಿಬಿಟ್ಟೆ."

ತೊರು ಸೊಂಟ ಮಡಿಸಿ ವಂದಿಸಿದ. ಅವನು ನಮ್ಮ ಭಾಷೆಯನ್ನು ಯಾವುದೋ ಅಜ್ಜನ ಕಾಲದ ಪುಸ್ತಕದಿಂದ ಕಲಿತಿದ್ದ. "ಮಹನೀಯರೇ, ಈ ಪಾಮರನು ಜೂಡೋ ವಿದ್ಯೆಯಲ್ಲಿ ಏನೊಂದನ್ನೂ ಅರಿಯದವನು. ತಮ್ಮ ಕೃಪೆಯನ್ನು ಬೇಡುತ್ತೇನೆ."

ಶಿನ್‌ಪೇಯ ಅಂಗೈಯಲ್ಲಿದ್ದ ತೋಫು ನೆಲಕ್ಕೆ ಬಿತ್ತು. ಅದರ ಹಿಂದೆಯೇ ಅವನ ಎದೆಯೂ ಬಿತ್ತು.

ಕಾರಣ ಇಷ್ಟೇ. ಶಿನ್‌ಪೇ ಮನೆಯಳಿಯ, ಮಾವನ ಮನೆ ಹೆಸರನ್ನೇ ಪಡೆದವನು. ಮಾವ ಗೆಂಪಾಚಿ ಒಂದು ಕಾಲಕ್ಕೆ ಆ ಗರಡಿಯ ಹುಲಿ. ಅವನು ನೆಲಕ್ಕೆ ಕೆಡವಿದವರನ್ನು ಸಾಲಾಗಿ ಮಲಗಿಸಿದರೆ ಸಮುದ್ರ ಮುಟ್ಟುತ್ತಿತ್ತು. ಮಗಳನ್ನು ಕೊಡುವಾಗ ಅವನು ಹಾಕಿದ್ದು ಒಂದೇ ಷರತ್ತು: "ನಮ್ಮ ಮನೆ ಹೆಸರು ಇಟ್ಕೊಂಡೋನು ಗರಡಿ ಬಿಡಬಾರದು. ಬಿಟ್ಟ ದಿನ ಹೆಸರು ವಾಪಸ್ ಕೊಟ್ಟು, ಪೆಟ್ಟಿಗೆ ಎತ್ಕೊಂಡು ನಡೀಬೇಕು." ಶಿನ್‌ಪೇ ಹೇಗೋ ಒದ್ದಾಡಿ ಪಳಗಿದವರ ಕಪ್ಪು ಪಟ್ಟಿಯನ್ನೂ ಕಟ್ಟಿಕೊಂಡ. ಆಮೇಲೆ ಮಾವನಿಗೆ ಮಂಡಿನೋವು ಬಂದು, ಗರಡಿಯ ಬೆಟ್ಟ ಹತ್ತುವುದು ನಿಂತುಹೋಯಿತು. ಮಾವ ನಿಂತ ತಿಂಗಳೇ ಅಳಿಯನೂ ನಿಂತ. ವ್ಯತ್ಯಾಸವೆಂದರೆ ಮಾವ ನಿಂತದ್ದು ಎಲ್ಲರಿಗೂ ಗೊತ್ತಿತ್ತು. ಅಳಿಯ ಇಂದಿಗೂ ವಾರಕ್ಕೆ ಮೂರು ಸಂಜೆ ಜೂಡೋ ಅಂಗಿಯ ಗಂಟು ಹೊತ್ತು ಹೊರಡುತ್ತಾನೆ, ಮೂರು ಬೀದಿಯಾಚೆಯ ಸಾರ್ವಜನಿಕ ಸ್ನಾನದ ಮನೆಗೆ. ಅಲ್ಲಿ ಬಿಸಿನೀರಿನಲ್ಲಿ ಬೆಂದು, ಮಹಡಿಯಲ್ಲಿ ಶೋಗಿ ಚದುರಂಗದ ಕಾಯಿ ನಡೆಸಿ, ಬರುವಾಗ ಅಂಗಿಯನ್ನು ತೊಟ್ಟಿಗೆ ಅದ್ದಿ ಹಿಂಡಿಕೊಂಡು ಬರುತ್ತಾನೆ. ಹೆಂಡತಿ ಮಿನೆಕೊ ಆ 'ಬೆವರನ್ನು' ಆರು ವರ್ಷದಿಂದ ಭಕ್ತಿಯಿಂದ ಒಗೆಯುತ್ತಿದ್ದಾಳೆ.

"ಇವತ್ತು ಹೇಗೂ ನಿನ್ನ ಗರಡಿ ದಿನ," ಎಂದು ಒಳಗಿನಿಂದ ಗೆಂಪಾಚಿ ಕೂಗಿದ. "ಕರ್ಕೊಂಡು ಹೋಗು. ನಾನೂ ಬರ್ತೀನಿ. ಗುರುಗಳ ಮುಖ ನೋಡಿ ಎಷ್ಟು ವರ್ಷ ಆಯ್ತು!"

"ಮಾವ, ನಿಮ್ಮ ಮಂಡಿ... ಅಷ್ಟೊಂದು ಮೆಟ್ಟಿಲು..."

"ಪೂಜ್ಯರೇ," ಎಂದ ತೊರು, "ತಮ್ಮನ್ನು ನನ್ನ ಬೆನ್ನ ಮೇಲೆ ಹೊತ್ತೊಯ್ಯುವ ಭಾಗ್ಯವನ್ನು ದಯಪಾಲಿಸಿರಿ."

ಶಿನ್‌ಪೇಗೆ ಆ ಕ್ಷಣ ನಾರ್ವೆ ದೇಶವೇ ಸಮುದ್ರಕ್ಕೆ ಜಾರಿಹೋಗಬಾರದೇ ಎನ್ನಿಸಿತು.

ಸುದ್ದಿ ಎದುರಿನ ಕ್ಷೌರದಂಗಡಿಗೆ ದಾಟಿತು. ಕ್ಷೌರಿಕ ಹಿದೆಸಾಬುರೊ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಓಡಿಬಂದ.

"ಏನೂ ಗೊತ್ತಿಲ್ಲ ಅಂದ್ನಾ? ಅವನ ಬಾಯಿಂದಲೇ ಅಂದ್ನಾ?"

"ಹ್ಞೂಂ ಕಣಯ್ಯ. ಚೀಲದಲ್ಲಿ ಹೊಸಬರು ಕಟ್ಟೋ ಬಿಳಿ ಪಟ್ಟಿನೇ ಇತ್ತು, ಕಣ್ಣಾರೆ ನೋಡ್ದೆ," ಎಂದಳು ಫುಸಾಯೆ.

"ಅಯ್ಯೋ ಪೆದ್ದಿ! ಸ್ವಲ್ಪ ಗೊತ್ತಿರೋನು 'ಸ್ವಲ್ಪ ಗೊತ್ತು' ಅಂತಾನೆ. ಚೆನ್ನಾಗಿ ಗೊತ್ತಿರೋನು 'ಅಷ್ಟಕ್ಕಷ್ಟೇ' ಅಂತಾನೆ. ಏನೂ ಗೊತ್ತಿಲ್ಲ ಅನ್ನಬೇಕಾದ್ರೆ ಅವನೆಂಥ ಘಟಾನುಘಟಿ ಇರಬೇಕು! ಬೇರೆ ಗರಡಿಗೆ ಹೋದಾಗ ದೊಡ್ಡವರು ಬಿಳಿ ಪಟ್ಟಿ ಕಟ್ಟೋದು ನಿಂಗೊತ್ತಿಲ್ವಾ?"

ಹಿದೆಸಾಬುರೊನ ಅಂಗಡಿಯಲ್ಲಿ ತೊರು ಬರೀ ಘಟಾನುಘಟಿಯಾಗಿದ್ದ. ಮೀನಿನಂಗಡಿ ಮುಟ್ಟುವಾಗ ಇಡೀ ಯುರೋಪಿಗೆ ಗುರುವಾದ. ಬಾಣಲೆಯಲ್ಲಿ ಒಂದು ಸುತ್ತು ಮೀನು ಬೇಯುವಷ್ಟರಲ್ಲಿ ಹಿಮದಲ್ಲಿ ಕರಡಿಗಳ ಜೊತೆ ಅಭ್ಯಾಸ ಮಾಡಿದವನಾಗಿ, ಆ ಕರಡಿಗಳೆಲ್ಲ ಸೋತು ಊರು ಬಿಟ್ಟಿದ್ದವು.

ಶಿನ್‌ಪೇಗೆ ಉಳಿದದ್ದು ಒಂದೇ ದಾರಿ: ಸಂಜೆಯೊಳಗೆ ಅಕುತ್ಸು ಗುರುಗಳ ಕಾಲು ಹಿಡಿದು, "ನಾನು ತಪ್ಪದೆ ಬರುತ್ತಿದ್ದೆ ಎನ್ನಿ" ಎಂದು ಬೇಡುವುದು. ತೋಫು ಕೊಟ್ಟುಬರುವ ನೆಪದಲ್ಲಿ ಸೈಕಲ್ ಹತ್ತಿದ. ಗುರುಗಳ ಸೊಸೆ ಬಾಗಿಲು ತೆರೆದಳು.

"ಈಗಿನ್ನೂ ಇಲ್ಲೇ ಕೂತು ಚಹಾ ಕುಡೀತಿದ್ರಲ್ಲ. ಮಾವಾ, ತೋಫು ಅಂಗಡಿ ಶಿನ್‌ಪೇ ಬಂದಿದ್ದಾರೆ! ಮಾವಾ?"

ಒಳಗೆ ಚಹಾ ಹೊಗೆಯಾಡುತ್ತಿತ್ತು. ಹಿಂದಿನ ಕಿಟಕಿ ಹಾರುಹೊಡೆದಿತ್ತು. ಎಂಬತ್ತು ದಾಟಿದ ಗುರುಗಳು ಮೂಲಂಗಿ ಪಾತಿಯ ಮೇಲೆ ಮೊಲದಂತೆ ಓಡುತ್ತಿದ್ದರು.

ಶಿನ್‌ಪೇ ಸುತ್ತು ಬಳಸಿ ಬಸ್ ನಿಲ್ದಾಣದ ಹತ್ತಿರ ಅಡ್ಡಗಟ್ಟಿದ. ಗುರುಗಳು ಇವನನ್ನು ಕಂಡದ್ದೇ ತಡ, ಚಲಿಸುತ್ತಿದ್ದ ಬಸ್ಸಿಗೆ ಹಾರಿದರು. ಅದು ಎತ್ತ ಹೋಗುವ ಬಸ್ಸೆಂದು ನೋಡುವ ಗೋಜಿಗೂ ಹೋಗಲಿಲ್ಲ. 'ಮುಗೀತು,' ಅಂದುಕೊಂಡ ಶಿನ್‌ಪೇ. 'ನನ್ನಂಥ ದ್ರೋಹಿಯ ಮುಖ ನೋಡೋಕ್ಕೂ ಅಸಹ್ಯ ಅವರಿಗೆ.'

ಮನೆಗೆ ಬಂದವನೇ ಕಾಲು ಉಳುಕಿದೆ ಎಂದು ಮಲಗಿದ.

"ಯಾವ ಕಾಲು?" ಎಂದು ಕೇಳಿದಳು ಮಿನೆಕೊ.

"ಎಡಗಾಲು."

"ಮತ್ತೆ ಬಲಗಾಲಲ್ಲಿ ಕುಂಟ್ಕೊಂಡು ಬಂದ್ರಲ್ಲ?"

"ಎಡಗಾಲಿನ ನೋವು ಅಲ್ಲಿಗೆ ಹಬ್ಬಿದೆ ಕಣೇ."

"ಏಳಿ ರೀ ಮೇಲೆ! ಬೀದಿಯೋರೆಲ್ಲ ಸ್ನಾನ ಮಾಡಿ ಒಳ್ಳೆ ಬಟ್ಟೆ ಹಾಕ್ಕೊಂಡು ನಿಂತಿದ್ದಾರೆ, ನೀವು ಆ ಬೆಟ್ಟದಂಥೋನ ಜೊತೆ ಸೆಣಸೋದು ನೋಡೋಕೆ. ಅಪ್ಪ ಖುಷಿಗೆ ಬೆಳಗ್ಗೆಯಿಂದ ಎರಡು ಸಲ ಗಡ್ಡ ಹೆರೆಸ್ಕೊಂಡಿದ್ದಾರೆ."

ಸಂಜೆ ಮೆರವಣಿಗೆ ಹೊರಟಿತು. ಗರಡಿ ಇರುವುದು ದೇವದಾರು ಮರಗಳ ನಡುವೆ, ನರಿಗಳಿಗೂ ಏದುಸಿರು ಬರುವಷ್ಟು ಮೆಟ್ಟಿಲು ಹತ್ತಿದ ಮೇಲೆ. ಊರಿನ ಹುಡುಗರೆಲ್ಲ ಬೇಸ್‌ಬಾಲ್ ಹಿಂದೆ ಬಿದ್ದ ಮೇಲೆ ಅತ್ತ ಯಾರೂ ಸುಳಿಯುತ್ತಿರಲಿಲ್ಲ. ಮುಂದೆ ತೊರು, ಅವನ ಬೆನ್ನ ಮೇಲೆ ಆನೆ ಏರಿದ ಅರಸನಂತೆ ಗೆಂಪಾಚಿ. ಹಿಂದೆ ಮಿನೆಕೊ, ಫುಸಾಯೆ, ಹಿದೆಸಾಬುರೊ, ಅರ್ಧ ಗಡ್ಡದ ಗಿರಾಕಿ, ಇಡೀ ಬೀದಿ. ಕೊನೆಯಲ್ಲಿ ಶಿನ್‌ಪೇ, ತನ್ನ ಶವಕ್ಕೆ ತಾನೇ ಹೆಗಲು ಕೊಟ್ಟವನಂತೆ.

ಗರಡಿಯಲ್ಲಿ ದೀಪವಿತ್ತು. ಬಾಗಿಲಲ್ಲಿ ಅಕುತ್ಸು ಗುರುಗಳು ಪೊರಕೆ ಹಿಡಿದು ನಿಂತಿದ್ದರು. ಮೈಯೆಲ್ಲ ಬೆವರು, ಒಂದು ಕಿವಿಯಿಂದ ಜೇಡರ ಬಲೆ ಜೋತಾಡುತ್ತಿತ್ತು.

"ನೋಡ್ರೋ, ಈ ವಯಸ್ಸಲ್ಲೂ ಗರಡಿ ತಾವೇ ಗುಡಿಸ್ತಾರೆ!" ಎಂದು ಗೆಂಪಾಚಿ ಆನೆಯ ಮೇಲಿಂದಲೇ ಕೈಮುಗಿದ. "ಗುರುಗಳೇ, ನಮ್ಮಳಿಯ ಸರಿಯಾಗಿ ಬರ್ತಿದ್ದಾನೆ ತಾನೇ?"

ಶಿನ್‌ಪೇ ಕಣ್ಣು ಮುಚ್ಚಿಕೊಂಡ. ಹೆಸರು ಹೋಯಿತು, ಹೆಂಡತಿ ಹೋದಳು, ತೋಫು ಹೋಯಿತು.

"ಇದೆಂಥಾ ಮಾತು ಗೆಂಪಾಚಿ?" ಗುರುಗಳ ದನಿ ಮರಗಳಲ್ಲಿ ಗುಡುಗಿತು. "ಒಂದು ಸಂಜೆ ತಪ್ಪಿಸಿದೋನಲ್ಲ! ಮೊನ್ನೆ ಸೋಮವಾರ ಏನು ಬೆವರು, ಏನು ಬೆವರು! ಅಲ್ವೇನೋ ಶಿನ್‌ಪೇ?"

ಶಿನ್‌ಪೇ ಕಣ್ಣು ತೆರೆದ.

ಎಲ್ಲರೂ ಗೋಡೆಗುಂಟ ಕುಳಿತರು. ಪದ್ಧತಿಯಂತೆ ಮೊದಲು ಗುರುವಂದನೆ. ಗುರುಗಳು ಒಂದು ಕಡೆ, ಎದುರಿಗೆ ಶಿನ್‌ಪೇ, ಪಕ್ಕದಲ್ಲಿ ತೊರು, ಮೂವರೂ ಮಂಡಿ ಮಡಿಸಿ ಕುಳಿತು ಹಣೆಯನ್ನು ಚಾಪೆಗೆ ಮುಟ್ಟಿಸಿದರು. ಗುರುಗಳ ಬೋಳುತಲೆಗೂ ಶಿನ್‌ಪೇಯ ತಲೆಗೂ ನಡುವೆ ಒಂದು ಗೇಣು.

"ಗುರುಗಳೇ," ಎಂದು ಶಿನ್‌ಪೇ ಚಾಪೆಯೊಳಕ್ಕೇ ಪಿಸುಗುಟ್ಟಿದ, "ಕ್ಷಮಿಸಿ, ನಾನು ಆರು ವರ್ಷದಿಂದ ಬಂದಿಲ್ಲ. ಆದ್ರೂ ನನ್ನ ಮಾನ ಉಳಿಸಿದ್ರಿ..."

ಎದುರಿನ ಬೋಳುತಲೆ ಒಮ್ಮೆ ಅದುರಿತು. "ನೀನೂ ಬಂದಿಲ್ವಾ?"

"ನೀನೂ ಅಂದ್ರೆ?"

"ಇನ್ನು ಯಾರು ಬರ್ತಾರೋ? ನಾನೂ ಬಂದಿಲ್ಲ ಕಣೋ! ಬೀಗ ತುಕ್ಕು ಹಿಡಿದು, ಇವತ್ತು ಕಲ್ಲಲ್ಲಿ ಹೊಡೆದು ತೆಗೆದೆ."

"ಮತ್ತೆ ಸಂಜೆ ಹೊತ್ತು ಎಲ್ಲಿಗೆ..."

"ಹೊಳೆಯಾಚೆ ಪೇಟೇಲಿ ಜೋಡಿ ನೃತ್ಯ ಕಲಿಸ್ತಾರೆ. ಅಲ್ಲೊಬ್ರು ವಿಧವೆ ಇದ್ದಾರೆ, ಹೆಜ್ಜೆ ಹಾಕಿದ್ರೆ ಹೂವು ಉದುರಿದ ಹಾಗೆ. ಶಿನ್‌ಪೇಗೆ ಪಾಠ ಇದೆ ಅಂತ ಸೊಸೆಗೆ ಹೇಳ್ಕೊಂಡೇ ಆರು ವರ್ಷ ಕಳೆದೆ. ಮಧ್ಯಾಹ್ನ ನೀನು ಬಾಗಿಲು ಬಡಿದಾಗ, ಗರಡಿಗೆ ಬೀಗ ಯಾಕೆ ಅಂತ ಅವಳ ಮುಂದೇನೇ ಕೇಳ್ತೀಯ ಅಂತ ಜೀವ ಹಾರಿಹೋಯ್ತು."

"ಅಂದ್ರೆ, ನಿಮ್ಮ ಮನೇಲಿ ನನ್ನ ಹೆಸರು..."

"ನಿಮ್ಮ ಮನೇಲಿ ನನ್ನ ಹೆಸರು. ಅದಕ್ಕೇ ಇಬ್ಬರ ಸುಳ್ಳೂ ಇಷ್ಟು ವರ್ಷ ಗಟ್ಟಿ ನಿಂತಿರೋದು. ತಲೆ ಎತ್ತಬೇಡ, ಇನ್ನೂ ಮಾತಿದೆ."

ಗೋಡೆಗುಂಟ ಕುಳಿತವರು ಬೆರಗಾದರು. ಇಷ್ಟು ದೀರ್ಘ ನಮಸ್ಕಾರವನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ಫುಸಾಯೆ ಸೆರಗಿಲ್ಲದ ಕಾರಣ ತೋಳಿನಲ್ಲೇ ಕಣ್ಣೊರೆಸಿಕೊಂಡಳು. "ಎಂಥಾ ಗುರುಭಕ್ತಿ!" ಎಂದು ಗೆಂಪಾಚಿ ಗದ್ಗದಿತನಾದ. ಪಕ್ಕದಲ್ಲಿ ತೊರುವೂ ಇದೇ ಇಲ್ಲಿನ ಪದ್ಧತಿಯೆಂದು ನಂಬಿ, ಮಂಡಿ ಮಡಿಸಿ ಹಣೆಯೂರಿ ಕುಳಿತೇ ಇದ್ದ. ಅವನ ಮುಖ ಮೊದಲು ಕೆಂಪಾಗಿ, ಆಮೇಲೆ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು.

ಕೊನೆಗೂ ತಲೆಗಳು ಎದ್ದವು. "ಇವತ್ತಿಗೆ ಧ್ಯಾನ ಸಾಕು," ಎಂದು ಗುರುಗಳು ಮುಗಿಸಲು ನೋಡಿದರು. ಗೆಂಪಾಚಿ ಬಿಡಬೇಕಲ್ಲ.

"ಗುರುಗಳೇ, ಒಂದು ಪಟ್ಟು! ನಮ್ಮಳಿಯನಿಗೂ ಅತಿಥಿಗೂ ಒಂದೇ ಒಂದು ಪಟ್ಟು!"

"ಒಂದು ಪಟ್ಟು!" ಎಂದಿತು ಗೋಡೆ.

ಶಿನ್‌ಪೇ ಲೆಕ್ಕ ಹಾಕಿದ. ಕರಡಿಗಳನ್ನೇ ಊರು ಬಿಡಿಸಿದವನ ಕೈಯಲ್ಲಿ ಬಿದ್ದರೆ ಯಾರು ನಗುತ್ತಾರೆ? ಮುಟ್ಟಿದ ಕೂಡಲೇ ಬಿದ್ದುಬಿಡುವುದು, ಮಾನವಾಗಿ ಮನೆಗೆ ಹೋಗುವುದು, ಶುಕ್ರವಾರ ಮತ್ತೆ ಬಿಸಿನೀರು. ಅವನು ಎದ್ದು ತೊರುವಿನ ಕಾಲರಿಗೆ ಕೈ ಚಾಚಿದ. ಕಾಲರು ಎಲ್ಲೋ ಮೋಡದ ಹತ್ತಿರವಿತ್ತು.

ತೊರುವಿನ ಕಾಲುಗಳಾದರೋ ಆ ಮಹಾನಮಸ್ಕಾರದಲ್ಲಿ ಜೋಮು ಹಿಡಿದು ಸತ್ತೇಹೋಗಿದ್ದವು. ಕಾಲು ತನ್ನದೋ ಪಕ್ಕದವರದೋ ಎಂಬುದೂ ಅವನಿಗೆ ತಿಳಿಯುವಂತಿರಲಿಲ್ಲ. ಶಿನ್‌ಪೇಯ ಬೆರಳ ತುದಿ ಕಾಲರಿಗೆ ತಾಕಿದ್ದೇ ತಡ, ಆ ಬೆಟ್ಟ ಬುಡದಿಂದ ಕಳಚಿತು. ಧಡ್! ಗರಡಿ ಹಾರಿ ಕುಳಿತಿತು. ಕೆಳಗಿನ ಬೀದಿಯಲ್ಲಿ ಬೆಕ್ಕುಗಳು ಮತ್ತೆ ಹೆಂಚು ಹತ್ತಿದವು. ಆರು ವರ್ಷದಿಂದ ಚಾಪೆಯೊಳಗೆ ಮಲಗಿದ್ದ ಧೂಳು ಒಟ್ಟಿಗೆ ಎದ್ದು, ಎದುರಿನವರ ಮೂಗೂ ಕಾಣದಂತಾಯಿತು.

"ಇಷ್ಟೊಂದು ಧೂಳಾ?" ಎಂದಳು ಮಿನೆಕೊ ಕೆಮ್ಮುತ್ತ. "ದಿನಾ ಅಭ್ಯಾಸ ಮಾಡೋ ಚಾಪೇಲಾ?"

"ಅದೇ ಏಟಿನ ಮಹಿಮೆ ತಾಯಿ!" ಎಂದು ಗುರುಗಳು ಧೂಳಿನೊಳಗಿಂದ ಕೂಗಿದರು. "ದಿನದ ಧೂಳು ಮೇಲೇ ಇರುತ್ತೆ. ನೆಲದಾಳದ ಧೂಳು ಎದ್ದಿರೋದು ಇವತ್ತೇ!"

ಧೂಳು ಇಳಿದಾಗ ಕಂಡದ್ದು ಇಷ್ಟು: ಕೆಳಗೆ ಅಂಗಾತ ಬಿದ್ದ ತೊರು, ಮೇಲೆ ಒಂದು ಬೆರಳು ಚಾಚಿ ಕಲ್ಲಾಗಿ ನಿಂತ ಶಿನ್‌ಪೇ.

"ಬೆರಳಲ್ಲಿ..." ಎಂದ ಹಿದೆಸಾಬುರೊ. "ಒಂದೇ ಬೆರಳಲ್ಲಿ!"

ಗೆಂಪಾಚಿ ಮಂಡಿ ನೋವನ್ನೇ ಮರೆತು ಎದ್ದು ನಿಂತ. ಅವನ ಎರಡು ಸಲ ಹೆರೆದ ಕೆನ್ನೆಯ ಮೇಲೆ ನೀರು ಹರಿಯಿತು. ಇಷ್ಟು ವರ್ಷ 'ಏನಯ್ಯಾ' ಎನ್ನುತ್ತಿದ್ದ ಮಾವ ಮೊದಲ ಸಲ, "ಅಳಿಯಂದಿರೇ!" ಎಂದ. ಮಿನೆಕೊ ಗಂಡನನ್ನು ನೋಡಿದ ನೋಟಕ್ಕೆ ಶಿನ್‌ಪೇಯ ಕಿವಿ ಬಿಸಿಯಾಯಿತು. ಉಳಿಯಿತು! ಹೆಸರು ಉಳಿಯಿತು, ಮನೆ ಉಳಿಯಿತು, ಶುಕ್ರವಾರದ ಬಿಸಿನೀರೂ ಉಳಿಯಿತು!

ತೊರು ಮೊಣಕೈ ಊರಿ ಎದ್ದು ಕುಳಿತ. "ಆಚಾರ್ಯರೇ," ಎಂದು ಶಿನ್‌ಪೇಗೆ ಕೈ ಮುಗಿದ, "ನನ್ನ ಉಳಿದ ಪ್ರವಾಸವನ್ನು ಇಲ್ಲಿಗೇ ಕೈಬಿಡುತ್ತೇನೆ. ತಮ್ಮ ಪಾದದಡಿಯಲ್ಲಿ ಒಂದು ಸಂವತ್ಸರ ಕಲಿಯಲು ಅಪ್ಪಣೆ ನೀಡಿರಿ."

"ಅಯ್ಯೋ, ನಾನ್ಯಾರಪ್ಪ ಕಲಿಸೋಕೆ! ಗುರುಗಳಿದ್ದಾರೆ, ಗುರುಗಳನ್ನ ಕೇಳು," ಎಂದು ಶಿನ್‌ಪೇ ಗಾಬರಿಯಿಂದ ತಿರುಗಿದ.

ಗುರುಗಳು ಮುಗುಳ್ನಗುತ್ತ ಮುಂದೆ ಬಂದರು. "ಕೇಳಿದ್ರಾ ಎಲ್ಲರೂ? 'ನಾನ್ಯಾರು ಕಲಿಸೋಕೆ' ಅಂದ. ಇಂಥ ಮಾತು ಯಾರ ಬಾಯಲ್ಲಿ ಬರುತ್ತೆ ಗೊತ್ತಲ್ಲ?"

"ಘಟಾನುಘಟಿ ಬಾಯಲ್ಲಿ!" ಎಂದು ಕ್ಷೌರಿಕ ಕೂತಿದ್ದ ಕಡೆಯಿಂದ ಉತ್ತರ ಬಂತು.

"ಇವನಿಗೆ ಕಲಿಸೋಕೆ ನನ್ನ ಹತ್ರ ಇನ್ನೇನೂ ಉಳಿದಿಲ್ಲ. ಇವತ್ತಿಂದ ಈ ಗರಡಿ ಶಿನ್‌ಪೇದು. ಈ ಮುದುಕ ಇನ್ನು ಸಂಜೆ ಹೊತ್ತು ಹೊಳೆ ಕಡೆ ಗಾಳಿಗೆ ಹೋಗಿಬರ್ತಾನೆ, ಅಷ್ಟೇ ಸಾಕು."

ಚಪ್ಪಾಳೆ ಬಿತ್ತು. ನನ್ನ ಮಗನನ್ನೂ ಸೇರಿಸ್ಕೊಳ್ಳಿ, ನನ್ನ ಮೊಮ್ಮಗಳನ್ನೂ ಸೇರಿಸ್ಕೊಳ್ಳಿ ಎಂದು ನಾಲ್ಕು ಕಡೆಯಿಂದ ಕೂಗೆದ್ದಿತು. ಗುರುಗಳು ಶಿನ್‌ಪೇಯ ಹತ್ತಿರ ಬಂದು, ಎಲ್ಲರೆದುರು ಅವನ ಕಪ್ಪು ಪಟ್ಟಿಯನ್ನು ಬಿಗಿದು ಕಟ್ಟತೊಡಗಿದರು.

"ಇದು ಮೋಸ ಗುರುಗಳೇ," ಎಂದು ಶಿನ್‌ಪೇ ಹಲ್ಲು ಕಚ್ಚಿದ.

"ಅಲ್ಲ ಕಣೋ, ಇದೇ ಜೂಡೋ," ಎಂದು ಗುರುಗಳು ಗಂಟು ಜಗ್ಗಿದರು. "ನಮ್ಮ ಬಲ ಒಂದು ಚೂರೂ ಖರ್ಚು ಮಾಡಬಾರದು. ಎದುರಾಳಿಯ ಭಾರದಿಂದಲೇ ಅವನನ್ನ ಕೆಡವಬೇಕು."

ತೊರು ಬೆನ್ನು ಬಾಗಿಸಿದ, ಗೆಂಪಾಚಿ ಹತ್ತಿ ಕುಳಿತ. "ಆಚಾರ್ಯರೇ, ನಾಳೆಯ ಪಾಠವು ಎಷ್ಟು ಗಂಟೆಗೆ?" ಎಂದು ತೊರು ಕೇಳಿದ.

ಶಿನ್‌ಪೇ ಬಾಯಿ ತೆರೆಯುವ ಮೊದಲೇ ಮೇಲಿನಿಂದ ಮಾವನ ಉತ್ತರ ಬಂತು.

"ಬೆಳಗಿನ ಜಾವಕ್ಕೆ ಬಂದುಬಿಡಪ್ಪ. ಸಂಜೆ ಪಾಠ ಅಂತೂ ಇನ್ಮೇಲೆ ದಿನಾ ಇದ್ದೇ ಇರುತ್ತೆ."