ಹಾರ್ಬರ್ ಪಿಕ್ಚರಿನ ಕೊನೆಯ ರೀಲು

ಎಣಿಸುವ ಚಟ ಇರುವವರನ್ನು ಮನೆಯಲ್ಲಿ ಯಾರೂ ಪ್ರೀತಿಸುವುದಿಲ್ಲ, ಸಹಿಸಿಕೊಳ್ಳುತ್ತಾರೆ. ಕುಡಿಯುವವನನ್ನು ಬಿಡಿಸಲು ಶಿಬಿರಗಳಿವೆ, ಇಸ್ಪೀಟು ಆಡುವವನಿಗೆ ಹೆಂಡತಿಯ ಬೈಗುಳವಿದೆ, ನನ್ನಂಥವನಿಗೆ ಏನೂ ಇಲ್ಲ. ಎಂಟನೇ ಕ್ಲಾಸಿನಿಂದ ಡೈರಿ ಬರೆಯುತ್ತಿದ್ದೇನೆ. ಅದರಲ್ಲಿ ಮನಸ್ಸಿನ ತೊಳಲಾಟ, ಕನಸು, ಕವಿತೆ ಇಂಥದ್ದೇನಾದರೂ ಸಿಕ್ಕೀತೆಂದು ಕದ್ದು ಓದಿದ ನನ್ನ ಅಕ್ಕ ಎರಡೇ ಪುಟಕ್ಕೆ ನಿದ್ದೆ ಹೋದಳು. ಪಕ್ಕದ ಮನೆಯ ಕುಕ್ಕರ್ ಬೆಳಗ್ಗೆ ಎಷ್ಟು ಕೂಗಿತು, ಅಪ್ಪನ ಸ್ಕೂಟರ್ ಎಷ್ಟು ಒದೆತಕ್ಕೆ ಸ್ಟಾರ್ಟ್ ಆಯಿತು, ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಬಸ್ಸು ಎಷ್ಟು ನಿಮಿಷ ನಿಂತಿತು, ಇಷ್ಟೇ ಅದರಲ್ಲಿರುವುದು. ಹೀಗೆ ಲೆಕ್ಕವಿಟ್ಟು ಏನು ಮಾಡುತ್ತೀ ಎಂದು ಕೇಳಿದವರಿಗೆ ನನ್ನ ಬಳಿ ಉತ್ತರವಿಲ್ಲ. ಹಾಗೆ ಕೇಳಿದವರು ಎಷ್ಟು ಜನ ಎಂಬುದಕ್ಕೆ ಮಾತ್ರ ಉತ್ತರವಿದೆ.

ಈ ಡೈರಿಯ ಪ್ರಕಾರ ನಮ್ಮಪ್ಪ 'ಹಾರ್ಬರ್ ಪಿಕ್ಚರ್' ಕಥೆಯನ್ನು ನನ್ನೆದುರು ನಲವತ್ತಮೂರು ಸಲ ಹೇಳಿದ್ದಾರೆ. ಇದರಲ್ಲಿ ಕರೆಂಟ್ ಹೋದಾಗ ಹೇಳಿದ್ದು ಹನ್ನೊಂದು, ನೆಂಟರು ಬಂದಾಗ ಇಪ್ಪತ್ತು, ಯಾರೂ ಕೇಳದೆಯೇ ಹೇಳಿದ್ದು ಹನ್ನೆರಡು. ಅದು ಹಾಲಿವುಡ್ಡಿನ ಯಾವುದೋ ಹಳೆಯ ಕಪ್ಪುಬಿಳುಪು ಚಿತ್ರ. ಹೆಸರು ಅಪ್ಪನಿಗೆ ನೆನಪಿಲ್ಲ, ಆದ್ದರಿಂದ ನಮ್ಮ ಮನೆಯಲ್ಲಿ ಅದರ ಹೆಸರೇ ಹಾರ್ಬರ್ ಪಿಕ್ಚರ್. ಬಂದರಿನಲ್ಲಿ ಕ್ರೇನ್ ನಡೆಸುವ ಒಬ್ಬ ಹುಡುಗ, ಅಲ್ಲೇ ಗೋಣಿಚೀಲ ಹೊಲಿಯುವ ಒಬ್ಬಳು ಹುಡುಗಿ. ಬೆಳಗಾದರೆ ಕೂಲಿಗಳೆಲ್ಲ ಸಾಲಾಗಿ ನಿಲ್ಲಬೇಕು, ಹ್ಯಾಟು ಹಾಕಿದ ಕಂಟ್ರಾಕ್ಟರ್ ಬಂದು ಹಿತ್ತಾಳೆ ಬಿಲ್ಲೆಗಳನ್ನು ಎಸೆಯಬೇಕು, ಬಿಲ್ಲೆ ಸಿಕ್ಕಿದವನಿಗೆ ಅವತ್ತು ಕೆಲಸ. ಕೊನೆಗೆ ಕೂಲಿಗಳೆಲ್ಲ ಒಂದಾಗಿ ಬಿಲ್ಲೆಗಳನ್ನು ಸಮುದ್ರಕ್ಕೆ ಎಸೆಯುತ್ತಾರೆ, ಕಂಟ್ರಾಕ್ಟರ್ ಓಡಿಹೋಗುತ್ತಾನೆ, ಕ್ರೇನಿನ ಹುಡುಗ ಸಂಜೆ ಮನೆಗೆ ಬರುತ್ತಾನೆ, ಹುಡುಗಿ ತಟ್ಟೆ ಹಾಕಿ ಬಡಿಸುತ್ತಾಳೆ. ಏನು ಬಡಿಸುತ್ತಾಳೆ ಎಂದು ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದೆ. ಅಪ್ಪ ಸ್ವಲ್ಪ ಯೋಚಿಸಿ, "ಏನೋ ಸಾರು" ಅಂದರು.

ಆ ಚಿತ್ರವನ್ನು ಅಪ್ಪ ನೋಡಿದ್ದು ಅಮ್ಮನ ಜೊತೆ, ಮದುವೆಗೆ ಮುಂಚೆ. ಹೆಣ್ಣು ನೋಡುವ ಶಾಸ್ತ್ರ ಮುಗಿದಿತ್ತು, ಅಪ್ಪ ಒಪ್ಪಿಯಾಗಿತ್ತು, ಅಮ್ಮ ಮಾತ್ರ ಹೂಂ ಅನ್ನದೆ ಉಹೂಂ ಅನ್ನದೆ ಕೂತಿದ್ದರು. ವಿಮಾ ಕಚೇರಿಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿಗೆ ಕಾರ್ಖಾನೆಯ ಫಿಟ್ಟರ್ ಸರಿಹೋಗುತ್ತಾನೋ ಇಲ್ಲವೋ ಎಂಬ ಅನುಮಾನ. ಒಂದು ಸಿನಿಮಾಕ್ಕೆ ಹೋಗಿಬರಲಿ ಎಂದು ಹಿರಿಯರು ತೀರ್ಮಾನಿಸಿದರು, ಕಾವಲಿಗೆ ಅಮ್ಮನ ಅಣ್ಣನನ್ನು ಕಳಿಸಿದರು. ಅಪ್ಪ ಧೈರ್ಯಕ್ಕೆ ತಮ್ಮ ಗೆಳೆಯ ಬಶೀರ್ ಅಂಕಲ್ಲನ್ನು ಕರೆದುಕೊಂಡು ಹೋದರು. ಆಗ ಕಂಟೋನ್ಮೆಂಟಿನ ಟಾಕೀಸುಗಳಲ್ಲಿ ಹಳೆಯ ಇಂಗ್ಲಿಷ್ ಚಿತ್ರಗಳು ಮತ್ತೆಮತ್ತೆ ಬರುತ್ತಿದ್ದವಂತೆ. ಇಂಗ್ಲಿಷ್ ಬರುವವನೊಬ್ಬ ಮಧ್ಯೆ ಕೂತು ಪಿಸುದನಿಯಲ್ಲಿ ಅರ್ಥ ಹೇಳುವುದು, ಅಕ್ಕಪಕ್ಕದವರು ಕಿವಿ ವಾಲಿಸಿ ಕೇಳುವುದು, ಹಿಂದಿನ ಸಾಲಿನವರೂ ಮುಂದಕ್ಕೆ ಬಾಗುವುದು ಅಲ್ಲಿಯ ರೂಢಿ. ಅಪ್ಪ ಮಧ್ಯೆ ಕೂತರು. ಬಲಗಡೆ ಅಮ್ಮನಿಗೆ ಕನ್ನಡದಲ್ಲಿ, ಎಡಗಡೆ ಬಶೀರ್ ಅಂಕಲ್ಲಿಗೆ ದಖ್ಖನಿಯಲ್ಲಿ ಅರ್ಥ ಹೇಳಿದರು. ಕಾವಲಿಗೆ ಬಂದ ಮಾವ ನಿದ್ದೆ ಮಾಡಿದರು. ಮಧ್ಯದಲ್ಲೊಮ್ಮೆ ಕ್ರೇನಿನ ಹುಡುಗ ಹುಡುಗಿಗೆ ಏನೋ ಹೇಳಿದ. ಅಪ್ಪ ಅರ್ಥ ಹೇಳಿದರು: "ನನ್ನ ಹತ್ತಿರ ಬಂಗಲೆ ಇಲ್ಲ, ಕಾರೂ ಇಲ್ಲ. ಆದರೆ ಶಿಫ್ಟ್ ಮುಗಿದ ಮೇಲೆ ನೇರ ಮನೆಗೆ ಬರ್ತೀನಿ. ಬಂದು ಅವತ್ತು ನಡೆದದ್ದನ್ನೆಲ್ಲ ನಿನಗೆ ಹೇಳ್ತೀನಿ. ಏನೂ ಮುಚ್ಚಿಡಲ್ಲ." ಮಾರನೇ ದಿನ ಅಮ್ಮ ಹೂಂ ಅಂದರು. ಇವತ್ತಿಗೂ ನೆಂಟರ ಮನೆಯ ಹೆಣ್ಣುಮಕ್ಕಳು ಗಂಡು ಒಪ್ಪಲೋ ಬೇಡವೋ ಎಂದು ಒದ್ದಾಡುತ್ತಿದ್ದರೆ ಅಮ್ಮ ಈ ನಾಲ್ಕು ಮಾತನ್ನು ಹೇಳಿ, "ಹೀಗೆ ಹೇಳೋನು ಸಿಕ್ಕರೆ ಕಣ್ಣು ಮುಚ್ಕೊಂಡು ಒಪ್ಕೋ" ಅನ್ನುತ್ತಾರೆ.

ಹೀಗೆ ಸುಖವಾಗಿದ್ದ ಸಂಸಾರಕ್ಕೆ ಬಶೀರ್ ಅಂಕಲ್ ಒಂದು ಡಿವಿಡಿ ತಂದರು. ಶಿವಾಜಿನಗರದಲ್ಲಿ ಅವರದು ಹಳೆಯ ರೇಡಿಯೋ, ಟೇಪ್‌ರೆಕಾರ್ಡರುಗಳ ಅಂಗಡಿ. ರಿಚರ್ಡ್ಸ್ ಟೌನಿನ ಯಾವುದೋ ಬಂಗಲೆ ಖಾಲಿ ಮಾಡುವಾಗ ಒಂದು ಪೆಟ್ಟಿಗೆ ಡಿವಿಡಿಗಳು ಬಂದುವಂತೆ. ಒಂದೊಂದೇ ಹಾಕಿ ನೋಡುತ್ತಿದ್ದರೆ ಕ್ರೇನು, ಗೋಣಿಚೀಲ, ಹ್ಯಾಟು. "ಸೂರಿ, ನಿನ್ನ ಶಾದಿ ಪಿಕ್ಚರ್ ಸಿಕ್ತು ಯಾರ್" ಎನ್ನುತ್ತ ಅದನ್ನು ಊಟದ ಮೇಜಿನ ಮೇಲಿಟ್ಟರು. ಅಮ್ಮನ ಮುಖ ಅರಳಿತು. ಅಪ್ಪ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದರು. ನಾಲ್ಕು ಸಲ. ಬರೆದುಕೊಂಡಿದ್ದೇನೆ.

ಅಮ್ಮ ಒಂದು ಕೆಲಸ ಹಿಡಿದರೆ ಅದು ಕಾಲೋನಿಯ ಕೆಲಸವಾಗುತ್ತದೆ. ಮುಂದಿನ ಭಾನುವಾರ ಮಧ್ಯಾಹ್ನ ಸಂಘದ ಹಾಲ್‌ನಲ್ಲಿ ಪ್ರದರ್ಶನ ಎಂದು ಅವತ್ತೇ ನಿರ್ಧಾರವಾಯಿತು. ನಮ್ಮದು ಕಾರ್ಖಾನೆಯ ಕಾಲೋನಿ, ಎಲ್ಲರೂ ದುಡಿದು ನಿವೃತ್ತರಾದವರು, ಕಾರ್ಮಿಕರ ಚಿತ್ರ ಅಂದರೆ ಎಲ್ಲರೂ ಬರುತ್ತಾರೆ. ಆದರೆ ಆ ಇಂಗ್ಲಿಷ್ ಯಾರಿಗೆ ಅರ್ಥವಾಗಬೇಕು? "ನಂಗೆ ಪಾಲಿಸಿಯ ಇಂಗ್ಲಿಷ್ ಬರುತ್ತೆ, ಬಾಯಿಯ ಇಂಗ್ಲಿಷ್ ಬರಲ್ಲ" ಎಂದರು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ, "ನೀನು ಹೇಗೂ ಕೂತು ಏನಾದ್ರೂ ಬರೀತಾನೇ ಇರ್ತೀಯ. ಇದಕ್ಕೆ ಕನ್ನಡದಲ್ಲಿ ಸಬ್‌ಟೈಟಲ್ ಬರಿ" ಎಂದರು. ನನ್ನ ಚಟಕ್ಕೆ ಮೊದಲ ಸಲ ಮನೆಯಲ್ಲಿ ಮರ್ಯಾದೆ ಸಿಕ್ಕಿತು. ಸಬ್‌ಟೈಟಲ್ ಎಂದರೆ ನನ್ನಂಥವನಿಗೆ ಹಬ್ಬ. ಪ್ರತಿ ಮಾತಿಗೂ ಒಂದು ಕ್ರಮಸಂಖ್ಯೆ, ಅದು ಬರುವ ಸೆಕೆಂಡು, ಹೋಗುವ ಸೆಕೆಂಡು. ಎಂಟುನೂರ ಹನ್ನೆರಡು ಸಾಲು. ಆಫೀಸಿನಿಂದ ಬಂದು ಕೂತರೆ ಊಟಕ್ಕೆ ಕರೆಯುವವರೆಗೂ ಏಳುತ್ತಿರಲಿಲ್ಲ.

ಮುನ್ನೂರ ಆರನೇ ಸಾಲಿನಲ್ಲಿ ನಿಂತೆ. ಕ್ರೇನಿನ ಹುಡುಗ ಹುಡುಗಿಯ ಹತ್ತಿರ ಬರುತ್ತಾನೆ, ಟೋಪಿ ತೆಗೆಯುತ್ತಾನೆ, ಅವಳ ಕಣ್ಣನ್ನೇ ನೋಡುತ್ತಾನೆ. ಅಮ್ಮ ನಮ್ಮೆಲ್ಲರಿಗೂ ಹೇಳಿದ ದೃಶ್ಯ ಇದೇ. ಅವನು ಬಾಯಿ ಬಿಟ್ಟು ಹೇಳಿದ್ದು: "ಗಾಳಿ ಜೋರಾಗಿದೆ." ಅಷ್ಟೇ. ಹಿಂದೆ ಮುಂದೆ ಏನಾದರೂ ತಪ್ಪಿಹೋಯಿತೇ ಎಂದು ಒಂಬತ್ತು ಸಲ ಕೇಳಿದೆ. ಒಂಬತ್ತು ಸಲವೂ ಗಾಳಿ ಜೋರಾಗಿಯೇ ಇತ್ತು. ಇನ್ನು ಕೊನೆಯಲ್ಲಿ ಹುಡುಗ ಮನೆಗೂ ಬರುವುದಿಲ್ಲ, ಸಾರೂ ತಿನ್ನುವುದಿಲ್ಲ. ಮುಷ್ಕರ ಸೋತು, ಹಡಗು ಹತ್ತಿ ಹೊರಟೇ ಹೋಗುತ್ತಾನೆ. ಹುಡುಗಿ ದಡದಲ್ಲಿ ಗೋಣಿಚೀಲದ ಮೇಲೆ ಕೂತಿರುತ್ತಾಳೆ.

ಮಾರನೇ ಬೆಳಗ್ಗೆ ಅಪ್ಪ, "ಬಾರೋ, ವಾಕಿಂಗ್ ಹೋಗೋಣ" ಎಂದರು. ನಮ್ಮಪ್ಪ ವಾಕಿಂಗಿಗೆ ಹೋದ ದಾಖಲೆ ನನ್ನ ಯಾವ ಡೈರಿಯಲ್ಲೂ ಇಲ್ಲ. ಸ್ಕೂಟರಿನಲ್ಲಿ ಕೂರಿಸಿಕೊಂಡು ಹಲಸೂರು ಕೆರೆಯವರೆಗೆ ಕರೆದುಕೊಂಡು ಹೋದರು. ವಾಕಿಂಗಿಗೆ ಸ್ಕೂಟರಿನಲ್ಲಿ ಹೋಗುವುದು ನಮ್ಮ ಊರಿನ ಪದ್ಧತಿ, ಅದರಲ್ಲಿ ಅನುಮಾನಪಡುವಂಥದ್ದೇನಿಲ್ಲ. ಕೆರೆಯ ಬೇಲಿಗೆ ಕೈಯಾನಿಸಿ ಅಪ್ಪ ನೀರು ನೋಡುತ್ತ ನಿಂತರು. ನಾಲ್ಕು ಬಾತುಕೋಳಿ, ಒಂದು ದೋಣಿ. ಬೆಂಗಳೂರಿಗೆ ದೇವರು ಕೊಟ್ಟ ಹಾರ್ಬರ್ ಇಷ್ಟೇ.

"ಆ ಕ್ರೇನ್ ಸೀನ್ ಬಂತಾ?" ಎಂದರು.

"ಬಂತು."

"ಏನಂತಾನೆ ಅವನು?"

"ಗಾಳಿ ಜೋರಾಗಿದೆ ಅಂತಾನೆ."

ಅಪ್ಪ ತಲೆ ಅಲ್ಲಾಡಿಸಿದರು. "ನಾನೂ ಅದೇ ಅಂದ್ಕೊಂಡಿದ್ದೆ. ಗಾಳಿ ಅನ್ನೋದು ಗೊತ್ತಾಗಿತ್ತು. ಆದ್ರೆ ಅವನು ನೋಡೋ ನೋಟಕ್ಕೂ ಗಾಳಿಗೂ ಸಂಬಂಧ ಇರ್ಲಿಲ್ಲ ಕಣೋ. ನಿಮ್ಮಮ್ಮ ಬೇರೆ ನನ್ನ ಮುಖಾನೇ ನೋಡ್ತಿದ್ಲು, ಏನಂದ ಅಂತ. ಆ ಹೊತ್ನಲ್ಲಿ ಗಾಳಿ ಅಂತ ಹೆಂಗೆ ಹೇಳ್ಲಿ?"

ಅಪ್ಪನ ಇಂಗ್ಲಿಷೆಲ್ಲ ಲೇತ್ ಮೆಷಿನ್ನಿನ ಕೈಪಿಡಿಯಿಂದ ಬಂದದ್ದು. ಅದರಲ್ಲಿ ಪ್ರೇಮಕ್ಕೆ ಅಧ್ಯಾಯ ಇರಲಿಲ್ಲ. ಇಷ್ಟೇ ಆಗಿದ್ದರೆ ನಾನು ಕ್ಷಮಿಸುತ್ತಿದ್ದೆ. ಆಮೇಲೆ ಇನ್ನೊಂದು ಹೊರಬಂತು. ಅವತ್ತು ಅವರು ಚಿತ್ರದ ಕೊನೆಯನ್ನೇ ನೋಡಿರಲಿಲ್ಲ. ಕೆ.ಆರ್. ಪುರಕ್ಕೆ ಹೋಗುವ ಟ್ರೈನಿಗೆ ಹೊತ್ತಾಯಿತೆಂದು ಮಾವ ಎಚ್ಚರವಾದ ಕೂಡಲೇ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟರಂತೆ. ಕೊನೆಗೆ ಏನಾಯಿತೋ ಎಂದು ಅಮ್ಮ ಪೇಚಾಡಿದ್ದಕ್ಕೆ ಅಪ್ಪ, ನಾಳೆ ಹೋಗಿ ನೋಡಿಬಂದು ಹೇಳುತ್ತೇನೆ ಎಂದು ಮಾತು ಕೊಟ್ಟರು. ಮರುದಿನ ಹೋದರೆ ಪಿಕ್ಚರ್ ಬದಲಾಗಿ ಹುಲಿ ಬೇಟೆಯ ಚಿತ್ರ ಬಂದಿತ್ತು.

"ಅದಕ್ಕೆ?"

"ಅದಕ್ಕೇನು, ಹೇಳ್ದೆ."

ಏನೂ ಮುಚ್ಚಿಡಲ್ಲ ಎಂಬ ಮಾತಿನ ಮೇಲೆ ನಿಂತ ಮದುವೆ. ಆ ಮಾತೇ ಸಿನಿಮಾದಲ್ಲಿಲ್ಲ, ಇಲ್ಲ ಎಂಬುದನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದಾರೆ. "ಬೇರೆ ಏನು ಬೇಕಾದ್ರೂ ಬರ್ಕೋ. ಆ ಒಂದು ಸಾಲು ನಾನು ಹೇಳಿದ ಹಾಗೇ ಇರ್ಲಿ. ಕೊನೆ ರೀಲು ಬರೋ ಹೊತ್ತಿಗೆ ಕರೆಂಟ್ ಏನಾದ್ರೂ ಹೋಗೋ ಹಾಗೆ ಮಾಡಕ್ಕಾಗುತ್ತಾ ನೋಡು" ಎಂದರು. ಅಪ್ಪ ನನ್ನಿಂದ ಏನನ್ನಾದರೂ ಬೇಡಿಕೊಂಡದ್ದು ಅದೇ ಮೊದಲು. ಕುಕ್ಕರಿನ ಕೂಗಿನಲ್ಲಿ ಒಂದನ್ನೂ ಹೆಚ್ಚುಕಡಿಮೆ ಬರೆಯದ ನಾನು ಮನೆಗೆ ಬಂದು ಮುನ್ನೂರ ಆರನೇ ಸಾಲು ಅಳಿಸಿದೆ. ಕೊನೆಯ ರೀಲನ್ನು ಮಾತ್ರ ಮುಟ್ಟಲಿಲ್ಲ. ಹಡಗು ಹೊರಟ ಮೇಲೆ ಅದರಲ್ಲಿ ಮಾತೇ ಇಲ್ಲ, ಸುಳ್ಳು ಬರೆಯಲು ಜಾಗವೇ ಇರಲಿಲ್ಲ.

ಮುನ್ನೂರ ಆರರಲ್ಲಿ ಒಂದು ತೊಂದರೆ ಇತ್ತು. ಗಾಳಿಯ ಮಾತಿಗೆ ಎರಡು ಸೆಕೆಂಡು ಸಾಕು. ಅಪ್ಪನ ಮಾತನ್ನು ವಯಸ್ಸಾದವರು ಓದಿ ಮುಗಿಸಲು ಹದಿನಾರು ಸೆಕೆಂಡು ಬೇಕು. ಸ್ಟಾಪ್‌ವಾಚ್ ಹಿಡಿದು ಮೂರು ಸಲ ಓದಿ ನೋಡಿದೆ, ನಾಲ್ಕು ತುಂಡು ಮಾಡಿ ಒಂದರ ಹಿಂದೆ ಒಂದು ಪೋಣಿಸಿದೆ. ಸಮಯ ಕರಾರುವಾಕ್ಕಾಗಿ ಬಂತು. ನನ್ನ ಜೀವನದ ಎಲ್ಲ ತಪ್ಪುಗಳೂ ಹೀಗೆ ಕರಾರುವಾಕ್ಕಾಗಿಯೇ ಆಗಿವೆ. ನಾನು ಗಡಿಯಾರ ನೋಡುತ್ತಿದ್ದೆ, ಪರದೆ ನೋಡಲಿಲ್ಲ.

ಭಾನುವಾರ ಹಾಲ್ ತುಂಬಿತ್ತು. ಕಿಟಕಿಗಳಿಗೆ ಶಾಮಿಯಾನದ ಬಟ್ಟೆ ಕಟ್ಟಿದ್ದರು, ಮೆಣಸಿನಕಾಯಿ ಬಜ್ಜಿಯ ವಾಸನೆ ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಅವತ್ತಿನ ಹಾಗೆಯೇ ಅಪ್ಪ ಮಧ್ಯೆ, ಬಲಗಡೆ ಅಮ್ಮ, ಎಡಗಡೆ ಬಶೀರ್ ಅಂಕಲ್. ಅಮ್ಮ ಮದುವೆಯ ಹೊಸದರಲ್ಲಿ ಕೊಂಡ ಸೀರೆ ಉಟ್ಟಿದ್ದರು. ಕಂಟ್ರಾಕ್ಟರ್ ಬಿಲ್ಲೆ ಎಸೆದಾಗ ನಿವೃತ್ತ ಕಾರ್ಮಿಕರೆಲ್ಲ ಥೂ ಅಂದರು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಕ್ರೇನಿನ ಹುಡುಗ ಬಂದ, ಟೋಪಿ ತೆಗೆದ, ಬಾಯಿ ತೆರೆದು ಮುಚ್ಚಿದ. ಕೆಳಗೆ 'ನನ್ನ ಹತ್ತಿರ ಬಂಗಲೆ ಇಲ್ಲ, ಕಾರೂ ಇಲ್ಲ' ಎಂದು ಬಂತು. ಅಷ್ಟರಲ್ಲಿ ಪರದೆಯ ಮೇಲೆ ಹುಡುಗಿಯ ಮುಖ ಬಂದು, ಅವಳು ಹಲ್ಲಿನಲ್ಲಿ ದಾರ ಕಡಿಯುತ್ತಿದ್ದಾಗ ಕೆಳಗೆ 'ಆದರೆ ಶಿಫ್ಟ್ ಮುಗಿದ ಮೇಲೆ ನೇರ ಮನೆಗೆ ಬರುತ್ತೇನೆ.' ಆಮೇಲೆ ಗಾಡಿ ಎಳೆಯುವ ಒಂದು ಕುದುರೆ. ಅದು ನಮ್ಮನ್ನೇ ನೋಡುತ್ತ, 'ಬಂದು ಆ ದಿನ ನಡೆದದ್ದನ್ನೆಲ್ಲ ನಿನಗೆ ಹೇಳುತ್ತೇನೆ' ಎಂದಿತು. ಕೊನೆಗೆ ಗಾಡಿಯಿಂದ ಹ್ಯಾಟಿನ ಕಂಟ್ರಾಕ್ಟರ್ ಇಳಿದು, ಚುಟ್ಟಾ ಕಚ್ಚಿಕೊಂಡು, ನೂರಾರು ಕೂಲಿಗಳ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತ. 'ಏನನ್ನೂ ಮುಚ್ಚಿಡುವುದಿಲ್ಲ.'

ಹಿಂದಿನ ಸಾಲಿನಿಂದ ಯಾರೋ, "ನಮ್ಮ ಮ್ಯಾನೇಜ್‌ಮೆಂಟ್ ಒಂದು ದಿನಾನೂ ಹಿಂಗೆ ಹೇಳ್ಲಿಲ್ಲ ಗುರು" ಎಂದರು. ಇಡೀ ಹಾಲ್ ಬಿದ್ದುಬಿದ್ದು ನಕ್ಕಿತು. ಬಶೀರ್ ಅಂಕಲ್ ಮಾತ್ರ ಗೊಂದಲದಲ್ಲಿದ್ದರು. "ಏನೋ ಸೂರಿ, ಇಲ್ಲಿ ಅವನು ಕಂಟ್ರಾಕ್ಟರ್ ಕಾಲು ಮುರೀತೀನಿ ಅಂತಾನೆ ಅಂತ ಹೇಳಿದ್ದೆ ನಂಗೆ?" ಅಪ್ಪ ಮುಖಕ್ಕೆ ಕರವಸ್ತ್ರ ಹಿಡಿದುಕೊಂಡು ಕೂತಿದ್ದರು. ನಾನು ಪ್ರೊಜೆಕ್ಟರಿನ ಪಕ್ಕದಲ್ಲಿ ಭೂಮಿ ಬಾಯಿ ಬಿಡಲಿ ಎಂದು ಕಾಯುತ್ತಿದ್ದೆ. ಅಮ್ಮನ ಕಡೆ ನೋಡಲು ಧೈರ್ಯವಾಗಲಿಲ್ಲ, ಆದರೂ ನೋಡಿದೆ. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ಅವತ್ತೂ ಹಿಂಗೇ ಆಯ್ತಲ್ರೀ" ಎಂದರು ಅಪ್ಪನಿಗೆ. "ಆ ಹುಡುಗ ಬಾಯಿ ಮುಚ್ಚಿದ್ದ, ನೀವಿನ್ನೂ ಹೇಳ್ತಾನೇ ಇದ್ರಿ. ನೀವು ಮುಗಿಸೋ ಹೊತ್ತಿಗೆ ಪರದೆ ಮೇಲೆ ಇದೇ ಕುದುರೆ ಇತ್ತು. ಕುದುರೆ ಹೇಳಿದ ಮಾತಿಗೆ ನಾನು ಒಪ್ಕೊಂಡೆ ಅಂದ್ಕೊಂಡ್ರಾ?"

ಅಪ್ಪ ಕರವಸ್ತ್ರ ಸ್ವಲ್ಪ ಕೆಳಗಿಳಿಸಿ, "ಹಂಗಾದ್ರೆ ಕೊನೇದೂ..." ಎಂದರು.

"ಯಾವ ಅಮೆರಿಕದವನು ಕೆಲಸದಿಂದ ಬಂದು ಸಾರು ತಿಂತಾನ್ರೀ?"

ಚಿತ್ರ ಮುಂದೆ ಸಾಗಿತು. ಮುಷ್ಕರ ಶುರುವಾಯಿತು, ದೂರದಲ್ಲಿ ಹಡಗಿನ ಹೊಗೆ ಕಾಣಿಸಿತು. ಅಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ಏಳಿ, ಟ್ರೈನಿಗೆ ಹೊತ್ತಾಯ್ತು" ಎಂದರು. ನಮ್ಮ ಮನೆ ಇರುವುದು ಹಾಲ್‌ನಿಂದ ಎರಡು ರಸ್ತೆ ಆಚೆಗೆ. ಅಪ್ಪ ಎದ್ದು ಅವರ ಹಿಂದೆ ನಡೆದರು. ಬಾಗಿಲಲ್ಲಿ ಇಬ್ಬರೂ ಎರಡೆರಡು ಬಜ್ಜಿ ತೆಗೆದುಕೊಂಡದ್ದನ್ನು ನೋಡಿದೆ.

ಈಗ ನಮ್ಮ ಮನೆಯಲ್ಲಿ ಚಿತ್ರದ ನಿಜವಾದ ಕೊನೆ ಗೊತ್ತಿರುವವನು ನಾನೊಬ್ಬನೇ. ಯಾರೂ ಕೇಳಿಲ್ಲ. ಅಪ್ಪ ಮೊನ್ನೆ ನೆಂಟರೆದುರು ಮತ್ತೆ ಹೇಳಿದರು, ನಲವತ್ತನಾಲ್ಕು, ಸಾರಿನ ಸಮೇತ. ಅಮ್ಮ ಪಕ್ಕದಲ್ಲೇ ಕೂತು ಹೂಂಗುಟ್ಟಿದರು. ನಿಜ ಹೇಳುವ ಅವಕಾಶ ನನಗೂ ಒಮ್ಮೆ ಬಂತು. ಇಂದಿರಾನಗರದ ನಮ್ಮ ಆಫೀಸಿನ ಹತ್ತಿರದ ಹೋಟೆಲಿನಲ್ಲಿ ಸಹೋದ್ಯೋಗಿ ಸುಮಾ ಜೊತೆ ಕಾಫಿ ಕುಡಿಯುತ್ತಿದ್ದೆ. ಅವಳ ಜೊತೆ ಕುಡಿಯುವ ಕಾಫಿಗೆ ಡೈರಿಯಲ್ಲಿ ಬೇರೆ ಪುಟವಿದೆ. "ಅದೇನೋ ಸಬ್‌ಟೈಟಲ್ ಬರೀತಿದ್ದೆಯಲ್ಲ, ಏನು ಕಥೆ?" ಎಂದಳು. ನಾನು ಬಂದರು, ಬಿಲ್ಲೆ, ಕ್ರೇನು ಎಲ್ಲ ಕ್ರಮವಾಗಿ ಹೇಳುತ್ತ ಆ ದೃಶ್ಯಕ್ಕೆ ಬಂದೆ. ಅವನು ಟೋಪಿ ತೆಗೆದು ಏನಂದ ಎಂದು ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಆ ಹೊತ್ತಿನಲ್ಲಿ ಗಾಳಿ ಅಂತ ಹೇಗೆ ಹೇಳಲಿ? ನಾನು ಹೇಳಿ ಮುಗಿಸುವಷ್ಟರಲ್ಲಿ ಅವಳ ಕಾಫಿ ಮುಗಿದಿತ್ತು, ಮಾಣಿ ಬಂದು ಲೋಟ ತೆಗೆದುಕೊಂಡು ಹೋಗಿಯೂ ಆಗಿತ್ತು. ಎಷ್ಟು ಸೆಕೆಂಡು ಆಯಿತೆಂದು ನೋಡಲು ಮರೆತೆ.