ಗೆದ್ದ ದಿನದ ಹೋಳಿಗೆ

ಹೇಳಿಬಿಡಲೇ? ಈಗ ಹೇಳಿದರೆ ಹೋಳಿಗೆ ತಪ್ಪೀತು. ಹೇಳದಿದ್ದರೆ ತಿಂದ ಹೋಳಿಗೆ ಗಂಟಲಲ್ಲೇ ನಿಂತೀತು. ವಾಡಿಯ ರೈಲ್ವೆ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಕೂತು, ರೈಲಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ರೇವಣಸಿದ್ದಯ್ಯ ಬೆಳಗಿನಿಂದ ಇದನ್ನೇ ತೂಗುತ್ತಿದ್ದ.

ಬಾಂಗ್ಲಾ ಯುದ್ಧ ಗೆದ್ದು ಅಂದಿಗೆ ಒಂದು ವರ್ಷ. ಆ ಯುದ್ಧದಲ್ಲಿ ಅವನು ಸೈನ್ಯದ ಅಡುಗೆಯವನಾಗಿದ್ದ. ಗೆದ್ದ ದಿನ ಇಡೀ ಪಲ್ಟನ್ನಿಗೆ ಬಡಿಸುವಷ್ಟರಲ್ಲಿ ಪಾತ್ರೆಯ ತಳ ಕಂಡಿತ್ತು; ಅವನು ನೀರು ಕುಡಿದು ಮಲಗಿದ್ದ. ಸೈನ್ಯ ಬಿಟ್ಟು, ರೈಲ್ವೆ ಸೇರಿ ಊರಿಗೆ ಬಂದಾಗ ಎಲ್ಲರೂ "ಎಷ್ಟು ಮಂದಿನ್ನ ಹೊಡದಿ?" ಎಂದು ಕೇಳಿದರು. ಅವನು ಸುಮ್ಮನಿದ್ದ. ಆ ಮೌನದೊಳಗೆ ನೆರೆಯವರೇ ಅವನನ್ನು ಸಿಪಾಯಿ ಮಾಡಿ ಫಿರಂಗಿ ಹಾರಿಸಿಕೊಂಡರು. ಇವತ್ತು ಅವನ ಗೌರವಕ್ಕೆಂದೇ ಹೂರಣದ ಹೋಳಿಗೆಯ ಊಟ. ಗೆದ್ದ ದಿನದ ಊಟವನ್ನು ಒಮ್ಮೆಯಾದರೂ ಪಂಕ್ತಿಯಲ್ಲಿ ಕೂತು, ಇನ್ನೊಬ್ಬರ ಕೈಯಲ್ಲಿ ಬಡಿಸಿಕೊಂಡು ಉಣ್ಣಬೇಕು. ಅವನ ಆಸೆ ಅಷ್ಟೇ.

ಪಕ್ಕದ ಮನೆಯ ರತ್ನಾಬಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಅಣ್ಣಾವ್ರ, ನಿಮಗ ಜೋಡಿ ಸಿಕ್ಕಾರ! ಶಹಾಬಾದದಿಂದ ಬಾಬುಮಿಯಾ ಬರಾಕತ್ತಾರ. ಅವ್ರೂ ಅದೇ ಲಡಾಯಿಗೆ ಹೋಗಿದ್ರಂತ. ಇಬ್ರನ್ನೂ ಬಾಜೂಕ ಕುಂದ್ರಸಿ ಮಾತ ಕೇಳ್ತೀವಿ!"

ರೇವಣಸಿದ್ದಯ್ಯ ಕಟ್ಟೆಯಿಂದ ಎದ್ದುಬಿಟ್ಟ. ನಿಜವಾದ ಸಿಪಾಯಿ ಎರಡು ಪ್ರಶ್ನೆ ಕೇಳಿದರೆ ಸಾಕು, ತನ್ನ ಗುಟ್ಟು ಬಯಲಾದೀತು.

"ನಾ ಕುಂದ್ರಂಗಿಲ್ಲಕ್ಕಾ. ಇವತ್ತ ಹೋಳ್ಗಿ ನಾನೇ ಮಾಡ್ತೀನಿ. ನೀವೆಲ್ಲಾ ಕುಂದ್ರಿ."

"ನೋಡ್ರೆವ್ವಾ, ಎಂಥಾ ದೊಡ್ಡ ಮನಸ!" ಎಂದು ರತ್ನಾಬಾಯಿ ಕಣ್ಣೊರೆಸಿಕೊಂಡಳು. ಹಿಟ್ಟು ಕಣ್ಣಿಗೆ ಹೋಗಿ ಇನ್ನಷ್ಟು ನೀರು ಬಂತು.

ಹಿತ್ತಲಿನ ತಟ್ಟಿಯ ಮರೆಯಲ್ಲಿ ಅವನು ಹೋಳಿಗೆ ಲಟ್ಟಿಸಿ ಬೇಯಿಸತೊಡಗಿದ. ಆಚೆ ಪಂಕ್ತಿಯಲ್ಲಿ "ಇನ್ನೊಂದ, ಇನ್ನೊಂದ" ಎಂಬ ಕೂಗು. ಅಷ್ಟರಲ್ಲಿ ತಟ್ಟಿ ಸರಿಯಿತು. ದಪ್ಪ ಮೀಸೆಯ ಬಾಬುಮಿಯಾ ಒಳಗೆ ನುಸುಳಿದ. ರೇವಣಸಿದ್ದಯ್ಯ ಮುಖ ಎತ್ತದೆ ಇನ್ನೂ ಜೋರಾಗಿ ಲಟ್ಟಿಸತೊಡಗಿದ.

"ಅಯ್ಯಾವ್ರ, ನಂಗೂ ಇಲ್ಲೇ ಏನರ ಕೆಲ್ಸಾ ಕೊಡ್ರಿ," ಎಂದು ಬಾಬುಮಿಯಾ ಪಿಸುಗುಟ್ಟಿದ. "ಎಷ್ಟು ಮಂದಿನ್ನ ಹೊಡದ್ರಿ ಅಂತ ಜೀಂವಾ ತಿನ್ನಾಕತ್ತಾರ. ಖರೇ ಹೇಳ್ತೀನಿ, ನಾ ಕ್ಯಾಂಪಿನ್ಯಾಗ ಹಜಾಮತಿ ಮಾಡ್ತಿದ್ದೆ. ಕತ್ರಿ ಬಿಟ್ಟು ಬ್ಯಾರೆ ಏನೂ ಹಿಡದಿಲ್ರಿ."

ನೆಲಕ್ಕೆ ಹಾಸುವ ಶಹಾಬಾದದ ದೊಡ್ಡ ಫರಸಿ ಕಲ್ಲೊಂದು ಎದೆಯಿಂದ ಇಳಿದಂತಾಯಿತು ರೇವಣಸಿದ್ದಯ್ಯನಿಗೆ. ಅವನೂ ನಿಜ ಹೇಳಲು ಬಾಯಿ ತೆರೆದ.

"ಏನೂ ಅನಬ್ಯಾಡ್ರಿ," ಬಾಬುಮಿಯಾ ಅವನ ಕೈ ಹಿಡಿದುಕೊಂಡ. "ನೀವು ಖರೇ ಲಡಾಯಿ ಮಾಡಿದೋರು. ನಿಮ್ಮಂಥೋರು ಒಬ್ರರ ಇದ್ದೀರಂತ ನಮ್ಮಂಥ ಸುಳ್ಳರ ಮಾನ ಉಳದದ. ಮ್ಯಾಲ ಹೋಳ್ಗೀನೂ ಭಾಳ ಛಂದ ಮಾಡೀರಿ! ನಮ್ಮ ಪಲ್ಟನ್ನಿನ ಅಡಗಿಯಾಂವ ಇದ್ನಲ್ಲ, ಶುದ್ಧ ದಂಡ!"

ಹಾಗೆನ್ನುತ್ತಲೇ ಬುಟ್ಟಿಯಲ್ಲಿದ್ದ ಕೊನೆಯ ಹೋಳಿಗೆಯನ್ನು ಮುರಿದು ಬಾಯಿಗಿಟ್ಟುಕೊಂಡ.

ಹೂರಣ ಮುಗಿದಿತ್ತು. ರೇವಣಸಿದ್ದಯ್ಯ ತೆರೆದ ಬಾಯಿಗೆ ಚರಿಗೆಯ ನೀರು ಸುರಿದುಕೊಂಡ. ತಾನು ಯುದ್ಧದಲ್ಲಿ ಅಡುಗೆಯವನಾಗಿದ್ದೆ ಎಂದು ಅವನು ಹೇಳಲಿಲ್ಲ.